ಸಣ್ಣ ಫ್ಯಾಮಿಲಿ ವೈನರಿಗೆ ಹೋಗಿ ರೆಡ್ ಬ್ಲೆಂಡ್ ರುಚಿ ನೋಡೋದು ಹೇಗೆ, ನಮ್ಮ ನಾಲಿಗೆ ಲೆಕ್ಕದಲ್ಲಿ

ನಮ್ ಕಡೆ ಕಾಫಿಪುಡಿ ಅಂಗಡಿಗೆ ಹೋಗಿ "ಅರ್ಧ ಪೀಬರಿ, ಅರ್ಧ ಪ್ಲಾಂಟೇಶನ್ ಎ, ಚಿಕೋರಿ ನೂರಕ್ಕೆ ಇಪ್ಪತ್ತು ಹಾಕಿ" ಅಂತ ಹೇಳಿ ಕಣ್ಣೆದುರೇ ಪುಡಿ ಮಾಡಿಸ್ಕೊಂಡು ಬರೋರಿಗೆ ಬ್ಲೆಂಡ್ ಅಂದ್ರೆ ಏನು ಅಂತ ಯಾರೂ ಹೇಳ್ಕೊಡ್ಬೇಕಾಗಿಲ್ಲ. ಒಂದು ಬೀಜ ಘಮ ಕೊಡತ್ತೆ, ಇನ್ನೊಂದು ಗಟ್ಟಿತನ ಕೊಡತ್ತೆ, ಚಿಕೋರಿ ಬಣ್ಣ ಕೊಡತ್ತೆ, ಮಂದ ಮಾಡತ್ತೆ, ಜಾಸ್ತಿ ಆದ್ರೆ ಎಲ್ಲಾನೂ ಮುಚ್ಚಿಹಾಕತ್ತೆ. ರೆಡ್ ಬ್ಲೆಂಡ್, ಅಂದ್ರೆ ಬೇರೆ ಬೇರೆ ಜಾತಿ ದ್ರಾಕ್ಷಿ ಸೇರಿಸಿ ಮಾಡಿದ ಕೆಂಪು ವೈನ್‌ನಲ್ಲೂ ಲೆಕ್ಕ ಇದೇನೇ. ಆದ್ರೂ ಕ್ಯಾಲಿಫೋರ್ನಿಯಾದ ಟೇಸ್ಟಿಂಗ್ ರೂಮಲ್ಲಿ ಗ್ಲಾಸ್ ಕೈಗೆ ಬಂದ ತಕ್ಷಣ ನಮ್ಮವರು ಎಷ್ಟೋ ಜನ ಸುಮ್ಮನಾಗ್ಬಿಡ್ತಾರೆ, ಯಾಕಂದ್ರೆ ಪಕ್ಕದಲ್ಲಿರೋರು ಬ್ಲ್ಯಾಕ್‌ಬೆರ್ರಿ ಅಂತಾರೆ, ಬಾಯ್ಸನ್‌ಬೆರ್ರಿ ಅಂತಾರೆ, ನಾವು ಚಿಕ್ಕಂದಿನಲ್ಲಿ ಕಣ್ಣಲ್ಲೂ ನೋಡಿರದ ಹಣ್ಣುಗಳ ಹೆಸರು, ಅದು ಗೊತ್ತಾಗ್ಲಿಲ್ಲ ಅಂದ್ರೆ ನಮಗೆ ವೈನೇ ಗೊತ್ತಿಲ್ಲ ಅಂದ್ಕೊಂಡು ಸುಮ್ನೆ "ಗುಡ್" ಅಂತ ಹೇಳಿ ಗ್ಲಾಸ್ ಇಟ್ಬಿಡ್ತೀವಿ.

ಅದು ಬೇಡ. ಬ್ಲೆಂಡ್ ರುಚಿ ನೋಡೋವಾಗ ಒಳಗೆ ಯಾವ್ಯಾವ ದ್ರಾಕ್ಷಿ ಇದೆ ಅಂತ ಕಂಡುಹಿಡಿಯೋದು ಪರೀಕ್ಷೆನೇ ಅಲ್ಲ, ಅದನ್ನ ಸುರಿದು ಕೊಡೋರನ್ನ ಕೇಳಿದ್ರೆ ಅವರೇ ಹೇಳ್ತಾರೆ. ನೋಡ್ಬೇಕಾಗಿರೋದು ಯಾವ ದ್ರಾಕ್ಷಿ ಯಾವ ಕೆಲಸ ಮಾಡ್ತಾ ಇದೆ ಅನ್ನೋದು. ಅದಕ್ಕೆ ನಮ್ಮ ಅಡುಗೆಮನೆ ಪದಗಳು ಧಾರಾಳ ಸಾಕು, ಕೆಲವು ಕಡೆ ಇಂಗ್ಲಿಷಿಗಿಂತ ಚೆನ್ನಾಗೇ ಕೆಲಸ ಮಾಡ್ತವೆ.

ಎಲ್ಲಿಗೆ ಹೋಗೋದು

ಸ್ಯಾನ್ ಫ್ರಾನ್ಸಿಸ್ಕೋ ಸುತ್ತಮುತ್ತಲ ಬೇ ಏರಿಯಾದಲ್ಲಿರೋ ಕನ್ನಡದವರು ಊರಿಂದ ಯಾರಾದ್ರೂ ಬಂದ್ರೆ ಸಾಮಾನ್ಯವಾಗಿ ವೈನರಿಗಳಿಗೆ ಹೆಸರಾದ ನಾಪಾ ಕಣಿವೆಗೆ ಕರ್ಕೊಂಡು ಹೋಗ್ತಾರೆ, ದೊಡ್ಡ ಗೇಟು ದೊಡ್ಡ ಕಟ್ಟಡ ಇರೋ ಕಡೆ ಫೋಟೋ ತೆಗೆಸ್ಕೊಂಡು ಒಂದೇ ದಿನ ಮೂರು ವೈನರಿ ಮುಗಿಸಿ ಸಂಜೆ ಯಾವುದರ ರುಚಿನೂ ನೆನಪಿರಲ್ಲ. ನಾನು ಹೇಳೋದು ಒಂದು ದಿನಕ್ಕೆ ಒಂದೇ ವೈನರಿ, ಅದೂ ಸಣ್ಣದು, ಮನೆಯವರೇ ನಡೆಸೋದು. ಉದಾಹರಣೆಗೆ ಸೊನೋಮಾ ಕೌಂಟಿಯ ಡ್ರೈ ಕ್ರೀಕ್ ವ್ಯಾಲಿ. ಸ್ಯಾನ್ ಫ್ರಾನ್ಸಿಸ್ಕೋದಿಂದ 101 ಹೈವೇ ಹಿಡ್ಕೊಂಡು ಉತ್ತರಕ್ಕೆ ಸುಮಾರು 110 ಕಿಲೋಮೀಟರ್ ಹೋದ್ರೆ ಹೀಲ್ಡ್ಸ್‌ಬರ್ಗ್ ಊರು, ಅದರ ಪಕ್ಕದಲ್ಲೇ ಶುರು. ಕಣಿವೆ ಉದ್ದ ಸುಮಾರು 16 ಮೈಲಿ, ಅಗಲ 2 ಮೈಲಿ, ಅಷ್ಟೇ. 1983ರಲ್ಲಿ ಸರ್ಕಾರ ಇದನ್ನ ಪ್ರತ್ಯೇಕ ದ್ರಾಕ್ಷಿ ಪ್ರದೇಶ ಅಂತ ಗುರುತಿಸಿತು. ಜಿನ್‌ಫ್ಯಾಂಡೆಲ್ ಅನ್ನೋ ದ್ರಾಕ್ಷಿಗೆ ಹೆಸರುವಾಸಿ, ಮತ್ತೆ ಇಲ್ಲಿ ಇಟಲಿಯಿಂದ ಬಂದ ಕುಟುಂಬಗಳು ಹಾಕಿದ ಹಳೇ ತೋಟಗಳು ಇನ್ನೂ ಇವೆ.

ಸಣ್ಣದು ಅಂದ್ರೆ ಎಷ್ಟು ಸಣ್ಣದು ಅಂತ ಒಂದು ಲೆಕ್ಕ ಹಾಕಿ ನೋಡಿ. ವರ್ಷಕ್ಕೆ 3000 ಕೇಸ್ ಮಾಡೋ ವೈನರಿ ಅಂದ್ಕೊಳ್ಳಿ, ಕೇಸಿಗೆ 12 ಬಾಟಲಿ, ಒಟ್ಟು 36,000 ಬಾಟಲಿ, ಅಂದ್ರೆ 27,000 ಲೀಟರ್. ವೈನ್ ಇಡೋ ಒಂದು ಓಕ್ ಮರದ ಪೀಪಾಯಿ, ಅಂದ್ರೆ ಬ್ಯಾರಲ್, ಹಿಡಿಯೋದು 225 ಲೀಟರ್. ಹಾಗಾದ್ರೆ ಇಡೀ ವರ್ಷದ ವೈನು 120 ಬ್ಯಾರಲ್ಲು. 120 ಬ್ಯಾರಲ್ ಅಂದ್ರೆ ಒಬ್ಬ ಮನುಷ್ಯ ಒಂದೊಂದನ್ನೂ ರುಚಿ ನೋಡಿ ನೆನಪಿಟ್ಕೊಳ್ಳೋ ಅಷ್ಟು, ಇದು ಸ್ವಲ್ಪ ಹುಳಿ ಇತ್ತು, ಅದು ಮೂಲೇಲಿರೋದು ಒಗರು ಜಾಸ್ತಿ, ಹೀಗೆ. ನಿಮಗೆ ಸುರಿದು ಕೊಡ್ತಾ ಇರೋರೇ ಚಳಿಗಾಲದಲ್ಲಿ ಬಳ್ಳಿ ಕತ್ತರಿಸಿರ್ತಾರೆ (ವಿಜಯಪುರದ ಕಡೆ ದ್ರಾಕ್ಷಿ ಬೆಳೆಯೋರು ಚಾಟ್ನಿ ಅಂತಾರಲ್ಲ, ಆ ಕೆಲಸ), ಇಲ್ಲಾಂದ್ರೆ ಅವರಮ್ಮ, ಅವರಣ್ಣ ಕತ್ತರಿಸಿರ್ತಾರೆ. ಕೇಳಿದ ಪ್ರಶ್ನೆಗೆ ಉತ್ತರ ಸಿಗತ್ತೆ ಅನ್ನೋದಕ್ಕೇ ಸಣ್ಣ ಜಾಗ ಹುಡುಕ್ಬೇಕು.

ಹೋಗೋ ಮುಂಚೆ

ಬುಕಿಂಗ್ ಮಾಡ್ಲೇಬೇಕು, ಸಣ್ಣ ಕಡೆ ಸುಮ್ನೆ ಹೋಗಿ ನಿಂತ್ರೆ ಯಾರೂ ಇರದೇ ಇರಬಹುದು, ತೋಟದಲ್ಲಿರ್ತಾರೆ. ಸಾಧ್ಯ ಆದ್ರೆ ವಾರದ ಮಧ್ಯ ಹೋಗಿ, ಬೆಳಿಗ್ಗೆ 11ರ ಹೊತ್ತು ಒಳ್ಳೇದು, ನಾಲಿಗೆ ಚುರುಕಾಗಿರತ್ತೆ, ಮಾತಾಡೋಕೂ ಅವರಿಗೆ ಪುರುಸೊತ್ತಿರತ್ತೆ. ಬುಕ್ ಮಾಡೋವಾಗ್ಲೇ "ನಮಗೆ ಕೆಂಪು ಬ್ಲೆಂಡ್‌ಗಳು ಮಾತ್ರ ಸಾಕು, ಸಾಧ್ಯ ಆದ್ರೆ ಅದರಲ್ಲಿರೋ ಒಂದು ದ್ರಾಕ್ಷಿಯ ವೈನ್ ಬೇರೆಯಾಗಿ ಪಕ್ಕದಲ್ಲಿಟ್ಟು ತೋರಿಸ್ತೀರಾ" ಅಂತ ಕೇಳಿ. ಈ ಒಂದು ಸಾಲಿನಿಂದ ಇಡೀ ಟೇಸ್ಟಿಂಗ್ ಬದಲಾಗತ್ತೆ. ಸೆಪ್ಟೆಂಬರ್-ಅಕ್ಟೋಬರ್ ಕೊಯ್ಲಿನ ಕಾಲ, ನೋಡೋಕೆ ಚೆನ್ನಾಗಿರತ್ತೆ ಆದ್ರೆ ಯಾರಿಗೂ ಮಾತಾಡೋ ಟೈಮ್ ಇರಲ್ಲ.

21 ವರ್ಷ ಆಗಿರ್ಬೇಕು, ಊರಿಂದ ಬಂದವರು ಪಾಸ್‌ಪೋರ್ಟ್ ತಗೊಂಡೇ ಬರ್ಲಿ. ಸೆಂಟ್ ಹಾಕ್ಕೋಬೇಡಿ, ಮಲ್ಲಿಗೆ ಮುಡ್ಕೊಂಡು ಹೋಗ್ಬೇಡಿ, ಇದು ಬರೀ ನಿಮ್ಮ ಮೂಗಿಗಲ್ಲ ಪಕ್ಕದೋರ ಮೂಗಿಗೂ ಅಡ್ಡ ಬರತ್ತೆ. ಕಾಫಿ ಕುಡಿದ ಒಂದು ಗಂಟೆ ಒಳಗೆ, ಏಲಕ್ಕಿ ಬಾಯಿಗೆ ಹಾಕ್ಕೊಂಡು, ಎಲೆ ಅಡಿಕೆ ಹಾಕ್ಕೊಂಡು ಹೋಗೋದು ಬೇಡ. ಹೊಟ್ಟೆ ಮಾತ್ರ ಖಾಲಿ ಇರ್ಬಾರ್ದು, ಉಪ್ಪಿಟ್ಟೋ ಚಪಾತಿನೋ ತಿಂದು ಹೊರಡಿ.

ಡ್ರೈವರ್ ಯಾರು ಅಂತ ಮನೇಲೇ ತೀರ್ಮಾನ ಆಗ್ಬೇಕು, ಅವರು ಕುಡಿಯೋ ಹಾಗಿಲ್ಲ. ಒಂದೊಂದು ಸುತ್ತಿಗೆ ಸುಮಾರು 30 ಮಿಲಿ ಲೀಟರ್ ಸುರೀತಾರೆ, ನಾಲ್ಕು ಸುತ್ತು ಅಂದ್ರೆ 120, ಆಲ್ಕೋಹಾಲ್ ಶೇ. 15 ಇದ್ರೆ (ಜಿನ್‌ಫ್ಯಾಂಡೆಲ್ ಬ್ಲೆಂಡ್‌ನಲ್ಲಿ ಇದು ಮಾಮೂಲು) ಅಮೆರಿಕದ ಲೆಕ್ಕದಲ್ಲಿ ಅಷ್ಟಕ್ಕೇ ಪೂರ್ತಿ ಒಂದು ಡ್ರಿಂಕ್ ಆಗೋಯ್ತು. ಕ್ಯಾಲಿಫೋರ್ನಿಯಾದಲ್ಲಿ ರಕ್ತದಲ್ಲಿ ಆಲ್ಕೋಹಾಲ್ ಮಿತಿ ಶೇ. 0.08. ಅರ್ಧ ಉಳಿದ ಬಾಟಲಿ ತರೋದಾದ್ರೆ ಡಿಕ್ಕಿಯಲ್ಲೇ ಇಡಿ, ಸೀಟ್ ಹತ್ರ ತೆರೆದ ಬಾಟಲಿ ಇಟ್ಕೊಳ್ಳೋದು ತಪ್ಪು.

ಇನ್ನು ಉಗಿಯೋ ವಿಷಯ. ಪ್ರತಿ ಟೇಬಲ್ಲಲ್ಲೂ ಒಂದು ಡಬ್ಬಿ ಇಟ್ಟಿರ್ತಾರೆ, ಬಾಯಲ್ಲಿ ಆಡಿಸಿ ಅದರಲ್ಲಿ ಉಗೀಬಹುದು. ನಮಗೆ ನಾಲ್ಕು ಜನರ ಮುಂದೆ ಎಂಜಲು ಉಗಿಯೋದು ಅಂದ್ರೆ ಮುಜುಗರ, ನನಗೂ ಮೊದಮೊದಲು ಆಗ್ತಿತ್ತು, ಆದ್ರೆ ವೈನ್ ಮಾಡೋರೇ ದಿನಾ ಹಾಗೆ ಮಾಡ್ತಾರೆ, ಅವರಿಗೆ ಅದು ಅವಮಾನ ಅಲ್ಲವೇ ಅಲ್ಲ. ಒಂದು ಪೇಪರ್ ಕಪ್ ಕೇಳಿ ಇಸ್ಕೊಂಡ್ರೆ ಸುಲಭ. ಇಬ್ಬರಿಗೆ ಒಂದೇ ಟೇಸ್ಟಿಂಗ್ ಹಂಚ್ಕೊಳ್ಳೋದಾದ್ರೆ ಎರಡು ಗ್ಲಾಸ್ ಕೇಳಿ, ಕೊಡ್ತಾರೆ, ಎಂಜಲಿನ ತೊಂದರೆ ಇರಲ್ಲ.

ಲೇಬಲ್ ಓದೋದು

ಅಮೆರಿಕದ ಕಾನೂನಿನಲ್ಲಿ ಬಾಟಲಿ ಮೇಲೆ ಒಂದು ದ್ರಾಕ್ಷಿ ಹೆಸರು ಹಾಕ್ಬೇಕು ಅಂದ್ರೆ ಆ ದ್ರಾಕ್ಷಿ ಕನಿಷ್ಠ ಶೇ. 75 ಇರ್ಬೇಕು. ಅಂದ್ರೆ "ಜಿನ್‌ಫ್ಯಾಂಡೆಲ್" ಅಂತ ಬರೆದಿರೋದ್ರಲ್ಲೂ ಕಾಲು ಭಾಗ ಬೇರೆ ಇರಬಹುದು, ಎಷ್ಟೋ ಸಲ ಅದೂ ಒಂದು ಬ್ಲೆಂಡೇ. ಯಾವುದೂ 75 ಮುಟ್ಟದೇ ಇದ್ರೆ ಬರೀ "ರೆಡ್ ವೈನ್" ಅಂತ ಹಾಕಿ ಮನೆಯವರು ಇಟ್ಟ ಹೆಸರು ಹಾಕ್ತಾರೆ. ಡ್ರೈ ಕ್ರೀಕ್ ವ್ಯಾಲಿ ಅಂತ ಪ್ರದೇಶದ ಹೆಸರಿದ್ರೆ ಕನಿಷ್ಠ ಶೇ. 85 ದ್ರಾಕ್ಷಿ ಅಲ್ಲಿಂದಲೇ ಬಂದಿರ್ಬೇಕು.

"ಮೆರಿಟೇಜ್" ಅಂತ ಒಂದು ಪದ ನೋಡ್ತೀರಿ, ಹೆರಿಟೇಜ್ ತರನೇ ಹೇಳ್ಬೇಕು, ಫ್ರೆಂಚ್ ತರ ಎಳೀಬಾರ್ದು. 1988ರಲ್ಲಿ ಕ್ಯಾಲಿಫೋರ್ನಿಯಾದ ಕೆಲವು ವೈನ್ ಮಾಡೋರು ಸೇರಿ ಫ್ರಾನ್ಸಿನ ಬೋರ್ಡೋ ಪ್ರದೇಶದ ದ್ರಾಕ್ಷಿಗಳ ಬ್ಲೆಂಡ್‌ಗೆ ಒಂದು ಹೆಸರು ಬೇಕು ಅಂತ ಸ್ಪರ್ಧೆ ಇಟ್ಟು ಆರಿಸಿದ ಪದ ಅದು, ಮೆರಿಟ್ ಮತ್ತೆ ಹೆರಿಟೇಜ್ ಎರಡನ್ನೂ ಸೇರಿಸಿದ್ದು. ಕೆಂಪು ಮೆರಿಟೇಜ್‌ನಲ್ಲಿ ಕ್ಯಾಬರ್ನೇ ಸೋವಿನ್ಯೋನ್, ಮರ್ಲೋ, ಕ್ಯಾಬರ್ನೇ ಫ್ರಾಂಕ್, ಪೆಟಿ ವರ್ಡೋ, ಮಾಲ್ಬೆಕ್ ಇಂಥದ್ರಲ್ಲಿ ಕನಿಷ್ಠ ಎರಡು ಇರ್ಬೇಕು, ಯಾವ ಒಂದೂ ಶೇ. 90 ದಾಟ್ಬಾರ್ದು.

ಇನ್ನೊಂದು ಸಾಲನ್ನ ಯಾರೂ ಓದಲ್ಲ, ನಾನು ಮೊದಲು ಓದೋದೇ ಅದನ್ನ. ಕೆಳಗಡೆ ಸಣ್ಣಕ್ಷರದಲ್ಲಿ "ಪ್ರೊಡ್ಯೂಸ್ಡ್ ಅಂಡ್ ಬಾಟಲ್ಡ್ ಬೈ" ಅಂತಿದ್ರೆ ಕನಿಷ್ಠ ಶೇ. 75 ವೈನನ್ನ ಆ ವೈನರಿಯವರೇ ಹುದುಗಿಸಿದ್ದಾರೆ. "ವಿಂಟೆಡ್" ಇಲ್ಲಾ "ಸೆಲ್ಲರ್ಡ್" ಅಂತಿದ್ರೆ ಬೇರೆ ಕಡೆಯಿಂದ ಆದ ವೈನ್ ತಂದು ಇಟ್ಟು ತುಂಬಿಸಿರಬಹುದು. "ಎಸ್ಟೇಟ್ ಬಾಟಲ್ಡ್" ಅಂದ್ರೆ ದ್ರಾಕ್ಷಿ ಪೂರ್ತಿ ಅವರ ಕೈಕೆಳಗಿನ ತೋಟದ್ದೇ, ಹಿಂಡಿದ್ದು ಹುದುಗಿಸಿದ್ದು ತುಂಬಿಸಿದ್ದು ಎಲ್ಲಾ ಅವರೇ. ಗೋಡೆ ಮೇಲೆ ಅಜ್ಜನ ಫೋಟೋ ಇದ್ದ ಮಾತ್ರಕ್ಕೆ ವೈನ್ ಮನೆಯದ್ದು ಅಂತ ಹೇಳೋಕಾಗಲ್ಲ, ಈ ಸಾಲು ನೋಡಿ ಹೇಳಬಹುದು.

ಗ್ಲಾಸ್ ಕೈಗೆ ಬಂದ್ಮೇಲೆ

ಹಗುರಾಗಿರೋದು ಮೊದಲು, ಗಟ್ಟಿ ಇರೋದು ಕೊನೆಗೆ. ಗ್ರೆನಾಶ್ ಅನ್ನೋ ದ್ರಾಕ್ಷಿ ಜಾಸ್ತಿ ಇರೋ ಬ್ಲೆಂಡ್ ಮುಂಚೆ, ಜಿನ್‌ಫ್ಯಾಂಡೆಲ್ ಆಮೇಲೆ, ಕ್ಯಾಬರ್ನೇ ಅಥವಾ ಪೆಟಿಟ್ ಸಿರಾ ಜಾಸ್ತಿ ಇರೋದು ಕಡೇಲಿ. ಉಲ್ಟಾ ಮಾಡಿದ್ರೆ ಹಗುರದ್ದು ನೀರು ಕುಡಿದಂಗೆ ಅನ್ಸತ್ತೆ.

ಬಣ್ಣಕ್ಕೆ ಹತ್ತು ಸೆಕೆಂಡ್ ಸಾಕು. ಬಿಳೀ ಪೇಪರ್ ಮೇಲೆ ಗ್ಲಾಸ್ ಓರೆ ಮಾಡಿ, ಆ ಕಡೆ ಅಕ್ಷರ ಕಂಡ್ರೆ ತೆಳು, ಕಾಣ್ದೇ ಶಾಯಿ ತರ ಇದ್ರೆ ಪೆಟಿಟ್ ಸಿರಾನೋ ಅಲಿಕಾಂಟೆ ಬೂಶೆನೋ ಅನ್ನೋ ಗಾಢ ಬಣ್ಣದ ದ್ರಾಕ್ಷಿ ಒಳಗಿರೋ ಸಾಧ್ಯತೆ ಇದೆ. ಅಂಚು ಇಟ್ಟಿಗೆ ಬಣ್ಣಕ್ಕೆ ತಿರುಗಿದ್ರೆ ವಯಸ್ಸಾಗಿದೆ.

ಮೂಗಿಗೆ ಮಾತ್ರ ಟೈಮ್ ಕೊಡಿ. ಗ್ಲಾಸ್ ಅಲ್ಲಾಡಿಸದೇ ಒಂದ್ಸಲ, ಟೇಬಲ್ ಮೇಲೇ ಗುಂಡಗೆ ತಿರುಗಿಸಿ ಇನ್ನೊಂದ್ಸಲ. ಬೆಂಗಳೂರಿನ ಸುತ್ತಮುತ್ತ ಬೆಳೆದವರಿಗೆ ದ್ರಾಕ್ಷಿ ಅಂದ್ರೆ ಬೆಂಗಳೂರು ಬ್ಲೂ, ಆ ಜ್ಯೂಸಿನ ಘಾಟು ಘಮ. ಅದು ಲ್ಯಾಬ್ರುಸ್ಕಾ ಅನ್ನೋ ಅಮೆರಿಕ ಮೂಲದ ಜಾತಿಯ ಲಕ್ಷಣ, ಇಲ್ಲಿನ ವೈನ್ ದ್ರಾಕ್ಷಿ ಎಲ್ಲಾ ಯುರೋಪಿನ ವಿನಿಫೆರಾ ಜಾತಿ, ಆ ಘಮ ಇದರಲ್ಲಿ ಬರಲ್ಲ. "ದ್ರಾಕ್ಷಿ ವಾಸನೆನೇ ಇಲ್ವಲ್ಲ" ಅಂತ ಊರಿಂದ ಬಂದವರು ಹೇಳೋದು ಇದಕ್ಕೇನೇ, ಅವರು ಹೇಳೋದು ಸರಿ. ಹಾಗೇ ಕೊಡಗಿನ ಮನೆ ವೈನ್ ಕುಡಿದು ರೂಢಿ ಇರೋರು ಸಿಹಿ ಹುಡುಕ್ತಾರೆ, ಇಂಥ ವೈನರಿಯ ಕೆಂಪು ಬ್ಲೆಂಡ್‌ಗಳು ಹೆಚ್ಚಾಗಿ ಡ್ರೈ, ಸಕ್ಕರೆ ಎಲ್ಲಾ ಆಲ್ಕೋಹಾಲ್ ಆಗಿಹೋಗಿರತ್ತೆ.

ಆಮೇಲೆ ಒಂದು ಸಣ್ಣ ಗುಟುಕು. ನುಂಗೋ ಮುಂಚೆ ಬಾಯಲ್ಲಿ ಎಲ್ಲಾ ಕಡೆ ಓಡಾಡಿಸಿ, ಮೂರು ವಿಷಯ ಗಮನಿಸಿ. ಜೊಲ್ಲು ಸುರಿದ್ರೆ ಅದು ಹುಳಿ. ಒಸಡು ಕೆನ್ನೆ ಒಳಗೆ ಎಳ್ದು ಹಿಡಿದಂಗಾದ್ರೆ ಅದು ಟ್ಯಾನಿನ್. ಗಂಟಲಲ್ಲಿ ಬಿಸಿ ಆದ್ರೆ ಆಲ್ಕೋಹಾಲ್. ಟ್ಯಾನಿನ್ ಅಂದ್ರೆ ಏನು ಅಂತ ಹೊರಗಿನವರಿಗೆ ಒಂದು ಪ್ಯಾರಾ ಬರೆದು ವಿವರಿಸ್ತಾರೆ, ನಮಗೆ ಒಂದೇ ಪದ ಸಾಕು, ಒಗರು. ನೇರಳೆ ಹಣ್ಣು ತಿಂದಾಗ, ಬಾಳೆಕಾಯಿ ಕಚ್ಚಿದಾಗ, ಹಸಿ ಅಡಿಕೆ ಹಾಕ್ಕೊಂಡಾಗ ಆಗೋದು ಅದೇ. ನಾವು ಅದರಲ್ಲಿ ವ್ಯತ್ಯಾಸನೂ ಬಲ್ಲೆವು: ನೇರಳೆಯ ಒಗರು ಸಣ್ಣಗೆ ಹಣ್ಣಿನ ಜೊತೆ ಬರತ್ತೆ, ಬಾಳೆಕಾಯಿದು ಒರಟು, ಅಡಿಕೆದು ಒಣಗಿಸಿಬಿಡತ್ತೆ. ಒಳ್ಳೇ ಬ್ಲೆಂಡ್‌ನ ಒಗರು ನೇರಳೆ ಕಡೆಗೆ ಇರ್ಬೇಕು. ಹಾಗಂತ ಬರೀರಿ ನೋಟ್‌ಬುಕ್ಕಲ್ಲಿ, ಬಾಯ್ಸನ್‌ಬೆರ್ರಿ ಬೇಕಾಗಿಲ್ಲ.

ಯಾರು ಯಾವ ಕೆಲಸ ಮಾಡ್ತಿದ್ದಾರೆ

ಇದೇ ಮುಖ್ಯ, ಇಲ್ಲಿ ಆತುರ ಮಾಡ್ಬೇಡಿ.

ಎರಡು ವರ್ಷದ ಹಿಂದೆ ನಮ್ಮ ಚಿಕ್ಕಪ್ಪ ಬಂದಿದ್ರು, ಸಕಲೇಶಪುರದ ಕಡೆ ಕಾಫಿ ತೋಟ, ಕಾಫಿ ಮಧ್ಯೆ ಮೆಣಸಿನ ಬಳ್ಳಿ. ವೈನ್ ಅಂದ್ರೆ ಅಷ್ಟಕ್ಕಷ್ಟೇ. ಮೊದಲು ತೋಟ ನೋಡಿ "ಇದೇನೋ ಚಪ್ಪರ ಇಲ್ಲ, ತಂತಿ ಇಲ್ಲ, ಗಿಡ ಮೊಂಡಾಗಿ ನಿಂತಿದೆಯಲ್ಲ" ಅಂದ್ರು. ಹಳೇ ಜಿನ್‌ಫ್ಯಾಂಡೆಲ್ ಬಳ್ಳಿಗಳು ಹಾಗೇನೇ, ಆಸರೆ ಇಲ್ದೇ ಪೊದೆ ತರ ಬೆಳೆಸಿರ್ತಾರೆ, ಎಷ್ಟೋ ಕಡೆ ನೀರೂ ಹಾಯ್ಸಲ್ಲ. ಆಮೇಲೆ ಎರಡನೇ ಗ್ಲಾಸ್ ಮೂಗಿನ ಹತ್ರ ಹಿಡಿದು ಸುಮ್ನೆ ನಿಂತ್ಬಿಟ್ರು. "ಇದರಲ್ಲಿ ಕಾಳುಮೆಣಸು ಹಾಕಿದ್ದಾರೆ ಕಣೋ" ಅಂದ್ರು. "ಇಲ್ಲ ಚಿಕ್ಕಪ್ಪ, ಬರೀ ದ್ರಾಕ್ಷಿ, ನೀವೇ ಬೇಕಾದ್ರೆ ಕೇಳಿ" ಅಂದೆ. ಸುರೀತಿದ್ದ ಹೆಂಗಸು ಆ ಮನೆ ಮಗಳು, ಅವರಿಗೆ ಇಂಗ್ಲಿಷಲ್ಲಿ ಹೇಳಿದೆ, ಅವರು ಚಿಕ್ಕಪ್ಪನ್ನ ನೋಡಿ ನಕ್ಕು ಅದರಲ್ಲಿ ಶೇ. 8 ಸಿರಾ ಇದೆ, ಆ ಮೆಣಸಿಗೋಸ್ಕರನೇ ಹಾಕಿದ್ದು ಅಂದ್ರು. ಚಿಕ್ಕಪ್ಪ ಹೇಳಿದ್ದು ಅಕ್ಷರಶಃ ಸರಿ. ರೊಟುಂಡೋನ್ ಅನ್ನೋ ವಸ್ತು ಕಾಳುಮೆಣಸಿನ ಘಮಕ್ಕೂ ಕಾರಣ, ಸಿರಾ ದ್ರಾಕ್ಷಿಯ ಮೆಣಸಿನ ಘಮಕ್ಕೂ ಕಾರಣ, 2008ರಲ್ಲಿ ಆಸ್ಟ್ರೇಲಿಯಾದ ವಿಜ್ಞಾನಿಗಳು ಇದನ್ನ ಪ್ರಕಟಿಸಿದ್ರು. ಐದರಲ್ಲಿ ಸುಮಾರು ಒಬ್ಬರಿಗೆ ಇದು ಮೂಗಿಗೆ ಸಿಗೋದೇ ಇಲ್ಲ, ನಿಮಗೆ ಸಿಗದೇ ಪಕ್ಕದವರಿಗೆ ಸಿಕ್ಕಿದ್ರೆ ನಿಮ್ಮ ತಪ್ಪೇನಲ್ಲ.

ಅದೇ ತರ ನಮ್ಮ ಅಡುಗೆಮನೆಯ ಇನ್ನೂ ಮೂರು ನಾಲ್ಕು ಘಮ ವೈನಲ್ಲಿ ನಿಜವಾಗ್ಲೂ ಇವೆ. ಲವಂಗದಲ್ಲಿರೋ ಯೂಜೆನಾಲ್ ಓಕ್ ಮರದಿಂದ ಬರತ್ತೆ. ಕೊಬ್ಬರಿ ಘಮ ಬಂದ್ರೆ ಅದೂ ಓಕ್, ಅಮೆರಿಕನ್ ಓಕ್‌ನಲ್ಲಿ ಜಾಸ್ತಿ. ದಪ್ಪ ಮೆಣಸಿನಕಾಯಿ ಹೆಚ್ಚಿದಾಗ ಬರೋ ಹಸಿರು ವಾಸನೆ ಬಂದ್ರೆ ಕ್ಯಾಬರ್ನೇ ಕುಟುಂಬ, ಎರಡರಲ್ಲೂ ಇರೋದು ಪೈರಜೀನ್ ಅನ್ನೋ ಒಂದೇ ಗುಂಪಿನ ವಸ್ತು, ದ್ರಾಕ್ಷಿ ಸರಿಯಾಗಿ ಹಣ್ಣಾಗದಿದ್ರೆ ಜಾಸ್ತಿ. ಹಾಗಾಗಿ ಮೂಗಿಗೆ ಲವಂಗ ಕೊಬ್ಬರಿ ಬಂದ್ರೆ ಬ್ಯಾರಲ್ ಮಾತಾಡ್ತಿದೆ, ಮೆಣಸು ಬಂದ್ರೆ ದ್ರಾಕ್ಷಿ ಮಾತಾಡ್ತಿದೆ ಅಂತ ಬೇರೆ ಮಾಡ್ಕೋಬಹುದು.

ಈಗ ಡ್ರೈ ಕ್ರೀಕ್ ತರದ ಹಳೇ ತೋಟದ ಬ್ಲೆಂಡ್. ಬೆನ್ನೆಲುಬು ಜಿನ್‌ಫ್ಯಾಂಡೆಲ್. ಇದರ ಗೊನೆ ಒಟ್ಟಿಗೆ ಹಣ್ಣಾಗಲ್ಲ, ಒಂದೇ ಗೊಂಚಲಲ್ಲಿ ಕಾಯಿನೂ ಇರತ್ತೆ, ಹಣ್ಣೂ ಇರತ್ತೆ, ಒಣದ್ರಾಕ್ಷಿ ಆಗಿರೋದೂ ಇರತ್ತೆ, ಅದಕ್ಕೇ ಜಾಮ್ ತರ ಹಣ್ಣಿನ ರುಚಿ, ಆಲ್ಕೋಹಾಲೂ ಮೇಲೆ. ಬಹಳ ವರ್ಷ ಇದು ಎಲ್ಲಿಂದ ಬಂತು ಅಂತ ಗೊತ್ತಿರ್ಲಿಲ್ಲ, 2001ರಲ್ಲಿ ಕ್ಯಾಲಿಫೋರ್ನಿಯಾದ ಯೂಸಿ ಡೇವಿಸ್ ವಿಶ್ವವಿದ್ಯಾಲಯದ ಕ್ಯಾರೋಲ್ ಮೆರಿಡಿತ್ ಮತ್ತೆ ಕ್ರೊಯೇಷಿಯಾದ ವಿಜ್ಞಾನಿಗಳು ಡಿಎನ್‌ಎ ಹೊಂದಿಸಿ ನೋಡಿದಾಗ ಕ್ರೊಯೇಷಿಯಾದ ಕರಾವಳಿಯ ಒಂದು ಹಳೇ ಬಳ್ಳಿ ಇದೇ ಅಂತ ಖಾತ್ರಿ ಆಯ್ತು. ಪೆಟಿಟ್ ಸಿರಾ ಬಣ್ಣ ಮತ್ತೆ ಒಗರು ಕೊಡತ್ತೆ, ಹೆಸರು ಕೇಳಿ ಸಿರಾ ಅಂದ್ಕೋಬೇಡಿ, ಇದು ಸಿರಾ ಮತ್ತೆ ಪೆಲೂರ್ಸಿನ್ ಅನ್ನೋ ಎರಡು ದ್ರಾಕ್ಷಿಗಳ ಮಗು, ಫ್ರಾನ್ಸಲ್ಲಿ ಡುರಿಫ್ ಅಂತಾರೆ. ಕ್ಯಾರಿನ್ಯಾನ್ ಹುಳಿ ಕೊಡತ್ತೆ, ಸಾರಿಗೆ ಕೊನೇಲಿ ನಿಂಬೆಹಣ್ಣು ಹಿಂಡಿದಂಗೆ ಇಡೀ ವೈನ್ ಎದ್ದು ಕೂರತ್ತೆ. ಅಲಿಕಾಂಟೆ ಬೂಶೆ ಅಪರೂಪದ್ದು, ಬಹುತೇಕ ಕಪ್ಪು ದ್ರಾಕ್ಷಿಗಳ ತಿರುಳು ಬಿಳಿ, ಇದರದ್ದು ತಿರುಳೇ ಕೆಂಪು.

ಈ ಅಲಿಕಾಂಟೆ ಹಳೇ ತೋಟಗಳಲ್ಲಿ ಯಾಕಿದೆ ಅನ್ನೋದಕ್ಕೆ ಒಂದು ಕಥೆ ಇದೆ. 1920ರಿಂದ 1933ರವರೆಗೆ ಅಮೆರಿಕದಲ್ಲಿ ಪಾನನಿಷೇಧ. ಆದ್ರೆ ಮನೆ ಬಳಕೆಗೆ ಅಂತ ವರ್ಷಕ್ಕೆ 200 ಗ್ಯಾಲನ್, ಅಂದ್ರೆ 750 ಲೀಟರ್ ಚಿಲ್ಲರೆ, ಹಣ್ಣಿನ ರಸದ ಹೆಸರಲ್ಲಿ ಮಾಡ್ಕೊಳ್ಳೋಕೆ ಅವಕಾಶ ಇತ್ತು. ಕ್ಯಾಲಿಫೋರ್ನಿಯಾದಿಂದ ರೈಲು ಡಬ್ಬಿಗಟ್ಟಲೆ ದ್ರಾಕ್ಷಿ ಪೂರ್ವದ ಊರುಗಳಿಗೆ ಹೋಗ್ತಿತ್ತು, ದಪ್ಪ ಸಿಪ್ಪೆಯ ಅಲಿಕಾಂಟೆ ದಾರೀಲಿ ಕೆಡ್ತಿರ್ಲಿಲ್ಲ, ಬಣ್ಣ ಅಷ್ಟು ಗಾಢ ಆದ್ದರಿಂದ ಸಕ್ಕರೆ ನೀರು ಬೆರೆಸಿ ಇನ್ನೊಂದು ಸಲ ತೆಗೆದ್ರೂ ಕೆಂಪಗೇ ಇರ್ತಿತ್ತು. ಇವತ್ತು ನಿಮ್ಮ ಗ್ಲಾಸಲ್ಲಿ ಶೇ. 2 ಅಲಿಕಾಂಟೆ ಇದೆ ಅಂದ್ರೆ ಅದರ ಹಿಂದೆ ಆ ರೈಲು ಇರಬಹುದು.

ಇಂಥ ತೋಟಗಳಲ್ಲಿ ಎಲ್ಲಾ ಜಾತಿನೂ ಒಂದೇ ಸಾಲಲ್ಲಿ ಬೆರೆಸಿ ನೆಟ್ಟಿರ್ತಾರೆ, ಒಟ್ಟಿಗೆ ಕೊಯ್ದು ಒಟ್ಟಿಗೆ ಹುದುಗಿಸ್ತಾರೆ, ಇದಕ್ಕೆ ಫೀಲ್ಡ್ ಬ್ಲೆಂಡ್ ಅಂತಾರೆ. ಅಂದ್ರೆ ಬ್ಲೆಂಡ್ ಮಾಡಿದೋರು ನೂರು ವರ್ಷದ ಹಿಂದೆ ಗಿಡ ನೆಟ್ಟ ಅಜ್ಜ, ಇವತ್ತಿನವರು ಯಾವತ್ತು ಕೊಯ್ಬೇಕು ಅಂತ ಮಾತ್ರ ತೀರ್ಮಾನ ಮಾಡ್ತಾರೆ. ಬೇರೆ ಬೇರೆ ಬ್ಯಾರಲ್‌ನಲ್ಲಿಟ್ಟು ಆಮೇಲೆ ಅಳೆದು ಸೇರಿಸೋದು ಇನ್ನೊಂದು ದಾರಿ. ನಿಮ್ಮ ಗ್ಲಾಸಲ್ಲಿರೋದು ಯಾವುದು ಅಂತ ಖಂಡಿತ ಕೇಳಿ. ನನಗೆ ಫೀಲ್ಡ್ ಬ್ಲೆಂಡ್‌ನಲ್ಲಿ ರುಚಿಗಳ ಮಧ್ಯೆ ಗೆರೆ ಕಾಣಲ್ಲ, ಎಲ್ಲಾ ಒಂದೇ ಪಾತ್ರೇಲಿ ಬೆಂದ ಹಾಗಿರತ್ತೆ, ನನಗೆ ಅದೇ ಹೆಚ್ಚು ಇಷ್ಟ.

ದಕ್ಷಿಣಕ್ಕೆ ಪಾಸೋ ರೋಬ್ಲೆಸ್ ಕಡೆ ಹೋದ್ರೆ ಗ್ರೆನಾಶ್, ಸಿರಾ, ಮೂರ್ವೆದ್ರ್ ಸೇರಿದ ಬ್ಲೆಂಡ್ ಸಿಗತ್ತೆ. ಅಲ್ಲಿ ಟಾಬ್ಲಾಸ್ ಕ್ರೀಕ್ ಅನ್ನೋದು ಅಷ್ಟು ಸಣ್ಣದಲ್ಲ ಆದ್ರೆ ಎರಡು ಕುಟುಂಬಗಳದ್ದು, ಅಮೆರಿಕದ ಹಾಸ್ ಮತ್ತೆ ಫ್ರಾನ್ಸಿನ ಪೆರಾಂ. 1989ರಲ್ಲಿ ಜಮೀನು ತಗೊಂಡು, ಫ್ರಾನ್ಸಿನ ತಮ್ಮ ತೋಟದ ಕಡ್ಡಿಗಳನ್ನೇ ತರಿಸಿ, ಅವು ಮೂರು ವರ್ಷ ಸರ್ಕಾರದ ಕ್ವಾರಂಟೈನ್‌ನಲ್ಲಿದ್ದು ಬಂದ ಮೇಲೆ ಬೆಳೆಸಿದ್ರು. ಅವರ ಎಸ್ಪ್ರೀ ಅನ್ನೋ ಕೆಂಪು ಬ್ಲೆಂಡ್‌ಗೆ ಮೂರ್ವೆದ್ರ್ ಮುಂದಾಳು, ಪ್ರಮಾಣ ಮಾತ್ರ ವರ್ಷ ವರ್ಷಕ್ಕೆ ಬೇರೆ. ಇದರಲ್ಲಿ ಗ್ರೆನಾಶ್ ಹಣ್ಣು ಮತ್ತೆ ಆಲ್ಕೋಹಾಲ್ ಕೊಡತ್ತೆ, ಮೂರ್ವೆದ್ರ್ ಮಣ್ಣು-ಮಾಂಸದ ತರದ ಗಾಢತೆ, ಸಿರಾ ಮೆಣಸು.

ಏನೋ ಸರಿ ಇಲ್ಲ ಅನ್ಸಿದ್ರೆ

ಒದ್ದೆ ರಟ್ಟಿನ ಡಬ್ಬ ಮಳೆಗಾಲದಲ್ಲಿ ಮೂಲೇಲಿ ಬಿದ್ದಿದ್ದ ವಾಸನೆ ಬಂದು ಹಣ್ಣಿನ ರುಚಿನೇ ಸತ್ತಂಗಿದ್ರೆ ಕಾರ್ಕ್ ಕೆಟ್ಟಿದೆ, ಹೇಳಿ, ಬೇರೆ ಬಾಟಲಿ ತೆಗೀತಾರೆ. ಉಗುರು ಬಣ್ಣದ ಅಥವಾ ವಿನೆಗರ್ ವಾಸನೆ ಸ್ವಲ್ಪ ಇದ್ರೆ ಜಿನ್‌ಫ್ಯಾಂಡೆಲ್‌ನಲ್ಲಿ ಕೆಲವರಿಗೆ ಇಷ್ಟ, ಮೂಗಿಗೆ ಚುಚ್ಚೋ ಅಷ್ಟಿದ್ರೆ ತಪ್ಪು. ದನದ ಕೊಟ್ಟಿಗೆ ವಾಸನೆ ಬ್ರೆಟ್ ಅನ್ನೋ ಯೀಸ್ಟಿನದ್ದು. ಇನ್ನೊಂದು ಕ್ಯಾಲಿಫೋರ್ನಿಯಾಕ್ಕೆ ಸಂಬಂಧಪಟ್ಟಿದ್ದು, ಕಾಡ್ಗಿಚ್ಚಿನ ಹೊಗೆ. 2020ರಲ್ಲಿ ಹೀಲ್ಡ್ಸ್‌ಬರ್ಗ್ ಪಶ್ಚಿಮದ ಗುಡ್ಡಗಳು ಆಗಸ್ಟ್‌ನಲ್ಲೇ ಹತ್ತಿ ಉರಿದ್ವು, ಹಣ್ಣು ಇನ್ನೂ ಬಳ್ಳಿಲಿತ್ತು. ಹೊಗೆ ಸಿಪ್ಪೆಗೆ ಹತ್ತಿದ್ರೆ ನುಂಗಿದ ಮೇಲೆ ನಾಲಿಗೆ ಹಿಂದೆ ಒಲೆ ಬೂದಿ ತರ ಉಳಿಯತ್ತೆ. ಕೆಲವು ಕುಟುಂಬಗಳು ಆ ವರ್ಷ ಕೆಂಪು ವೈನೇ ಮಾಡ್ಲಿಲ್ಲ. 2020ರ ಬಾಟಲಿ ಇದ್ರೆ ಮೆತ್ತಗೆ ಕೇಳಿ, ಅದು ಅವರಿಗೆ ನೋವಿನ ವರ್ಷ.

ಕೇಳ್ಬೇಕಾದ ಪ್ರಶ್ನೆಗಳು

ನಾನು ಯಾವಾಗಲೂ ಎರಡು ಕೇಳ್ತೀನಿ. ಒಂದು, "ಈ ಬ್ಲೆಂಡ್‌ನಲ್ಲಿ ಅತಿ ಕಮ್ಮಿ ಇರೋದು ಯಾವುದು, ಅದನ್ನ ತೆಗೆದುಬಿಟ್ರೆ ಏನಾಗತ್ತೆ?" ಬ್ಲೆಂಡ್ ಮಾಡಿದವರಿಗೆ ಇದಕ್ಕೆ ಉತ್ತರ ತುದಿ ನಾಲಿಗೇಲಿರತ್ತೆ, ಯಾಕಂದ್ರೆ ಆ ಶೇ. 3ರ ಬಗ್ಗೆ ಮನೇಲಿ ಜಗಳ ಆಡಿರ್ತಾರೆ. ಇನ್ನೊಂದು, "ಹೋದ ವರ್ಷದ ಪ್ರಮಾಣಕ್ಕೂ ಇದಕ್ಕೂ ಏನ್ ವ್ಯತ್ಯಾಸ, ಯಾಕೆ?" ಆಗ ಬಿಸಿಲು, ಮಳೆ, ಯಾವ ಸಾಲಲ್ಲಿ ಫಸಲು ಕಮ್ಮಿ ಬಂತು ಅನ್ನೋದೆಲ್ಲ ಬರತ್ತೆ. ಬೆಲೆ, ವಿಮರ್ಶಕರು ಕೊಟ್ಟ ಪಾಯಿಂಟು, ಪ್ರಶಸ್ತಿ ಇದೆಲ್ಲ ಕೇಳೋದ್ರಿಂದ ಏನೂ ತಿಳಿಯಲ್ಲ.

ಮನೇಲಿ ಮಾಡಿ ನೋಡಿ

ಅದೇ ಮನೆಯವರ ಒಂದು ಜಿನ್‌ಫ್ಯಾಂಡೆಲ್, ಒಂದು ಪೆಟಿಟ್ ಸಿರಾ, ಸಿಕ್ಕಿದ್ರೆ ಒಂದು ಕ್ಯಾರಿನ್ಯಾನ್ ತಗೊಂಡು ಬನ್ನಿ. ಮಕ್ಕಳ ಸಿರಪ್ ಜೊತೆ ಬರತ್ತಲ್ಲ 10 ಮಿಲಿ ಲೀಟರಿನ ಅಳತೆ ಕಪ್ಪು, ಅದನ್ನ ಚೆನ್ನಾಗಿ ತೊಳೆದು ಇಟ್ಕೊಳ್ಳಿ. ಮೊದಲನೇ ಗ್ಲಾಸಿಗೆ ಜಿನ್‌ಫ್ಯಾಂಡೆಲ್ ಮಾತ್ರ 100. ಎರಡನೇದಕ್ಕೆ 90 ಮತ್ತೆ ಪೆಟಿಟ್ ಸಿರಾ 10. ಮೂರನೇದಕ್ಕೆ 80, 10 ಮತ್ತೆ ಕ್ಯಾರಿನ್ಯಾನ್ 10. ಗ್ಲಾಸ್ ತಳಕ್ಕೆ ನಂಬರ್ ಅಂಟಿಸಿ ಮನೆಯವರಿಗೆ ಜಾಗ ಬದಲಾಯಿಸೋಕೆ ಹೇಳಿ, ಹತ್ತು ನಿಮಿಷ ಬಿಟ್ಟು ಕುಡಿದು ನೋಡಿ. ಇದು ಮೂರು ನಾಲ್ಕು ಜನ ಹಂಚ್ಕೊಂಡು ಮಾಡೋ ಕೆಲಸ, ಒಬ್ಬರೇ ಮಾಡೋದಲ್ಲ. ಬೇಸಿಗೆ ದಿನ ಆದ್ರೆ ಬಾಟಲಿಗಳನ್ನ ಮುಂಚೆ 20 ನಿಮಿಷ ಫ್ರಿಜ್ಜಲ್ಲಿಟ್ಟು ತೆಗೀರಿ, 16ರಿಂದ 18 ಡಿಗ್ರಿ ಇದ್ರೆ ಸರಿ, ಬಿಸಿ ಆದಷ್ಟೂ ಬರೀ ಆಲ್ಕೋಹಾಲೇ ಮೂಗಿಗೆ ಹೊಡಿಯತ್ತೆ.

ಮೊದಲ ಸಲ ಮಾಡಿದಾಗ ನನಗೆ ಆಶ್ಚರ್ಯ ಆಗಿದ್ದು ಹತ್ತೇ ಮಿಲಿ ಲೀಟರ್ ಎಷ್ಟು ಬದಲಾಯಿಸತ್ತೆ ಅಂತ. ಜಿನ್‌ಫ್ಯಾಂಡೆಲ್ ಒಂದೇ ಇದ್ದಾಗ ಬಾಯಿ ತುಂಬಾ ಹಣ್ಣು, ಆಮೇಲೆ ಇದ್ದಕ್ಕಿದ್ದಂಗೆ ಮುಗಿದುಹೋಗತ್ತೆ. ಪೆಟಿಟ್ ಸಿರಾ ಸೇರಿದ್ಮೇಲೆ ಆ ಹಣ್ಣಿಗೆ ಒಂದು ಬೇಲಿ ಸಿಕ್ಕಂಗೆ, ಕ್ಯಾರಿನ್ಯಾನ್ ಬಂದ್ಮೇಲೆ ಇನ್ನೊಂದು ಗುಟುಕು ಬೇಕು ಅನ್ಸತ್ತೆ. 20 ಹಾಕಿ ನೋಡಿದ್ವಿ, ಪೆಟಿಟ್ ಸಿರಾ ಬಿಟ್ರೆ ಬೇರೇನೂ ಇಲ್ಲ, ಚಿಕೋರಿ ಜಾಸ್ತಿ ಆದ ಕಾಫಿ ಥರನೇ.

ಊಟದ ಜೊತೆ, ಮತ್ತೆ ಮಾರನೇ ದಿನ

ನಮ್ಮ ಊಟಕ್ಕೆ ರೆಡ್ ಹೊಂದಲ್ಲ ಅಂತಾರೆ, ನಾನು ಒಪ್ಪಲ್ಲ, ಆದ್ರೆ ಖಾರ ನೋಡ್ಕೋಬೇಕು. ಒಣಮೆಣಸಿನಕಾಯಿ ಖಾರ, ಒಗರು, ಜಾಸ್ತಿ ಆಲ್ಕೋಹಾಲ್ ಮೂರೂ ಸೇರಿದ್ರೆ ಬಾಯಿ ಉರಿಯತ್ತೆ. ಬದನೆಕಾಯಿ ಎಣ್ಣೆಗಾಯಿ ಖಾರ ಸ್ವಲ್ಪ ಕಮ್ಮಿ ಮಾಡಿ ಜೋಳದ ರೊಟ್ಟಿ ಜೊತೆ ಇಟ್ಕೊಂಡ್ರೆ ಜಿನ್‌ಫ್ಯಾಂಡೆಲ್ ಬ್ಲೆಂಡ್ ಬಹಳ ಚೆನ್ನಾಗಿ ಹೋಗತ್ತೆ, ಕಡಲೆಬೀಜ ಎಳ್ಳಿನ ಜಿಡ್ಡು ಒಗರನ್ನ ಮೆತ್ತಗೆ ಮಾಡತ್ತೆ. ಕೊಡಗಿನ ಪಂದಿ ಕರಿಗೆ ಕಾಚಂಪುಳಿ ಹುಳಿ ಇರತ್ತೆ, ಅದಕ್ಕೆ ವೈನಲ್ಲೂ ಹುಳಿ ಬೇಕು, ಕ್ಯಾರಿನ್ಯಾನ್ ಇರೋದೋ ಮೂರ್ವೆದ್ರ್ ಸಿರಾ ಇರೋದೋ ಆರಿಸಿ. ಮೊಸರನ್ನದ ಜೊತೆ ಮಾತ್ರ ಬೇಡ.

ಊರಿಗೆ ತಗೊಂಡು ಹೋಗೋದಾದ್ರೆ ಒಬ್ಬರಿಗೆ ಸುಂಕ ಇಲ್ದೇ 2 ಲೀಟರ್, ಅಂದ್ರೆ 750 ಮಿಲಿ ಲೀಟರಿನ ಎರಡು ಬಾಟಲಿ, ಮೂರನೇದು ಇಟ್ರೆ ಮಿತಿ ದಾಟತ್ತೆ. ಚೆಕ್-ಇನ್ ಬ್ಯಾಗಲ್ಲಿ ಸೀರೆ, ಟವಲ್ ಮಧ್ಯೆ ಸುತ್ತಿ ಇಡಿ.

ಮತ್ತೆ ಕುಡಿದು ನೋಡಿದ ಬಾಟಲಿಯನ್ನ ಅವತ್ತೇ ಮುಗಿಸ್ಬೇಡಿ. ಅರ್ಧ ಉಳಿಸಿ, ಕಾರ್ಕ್ ತುರುಕಿ ಫ್ರಿಜ್ಜಲ್ಲಿಡಿ, ಮಾರನೇ ದಿನ ಸಂಜೆ ಅರ್ಧ ಗಂಟೆ ಮುಂಚೆ ತೆಗೆದು ಮತ್ತೆ ನೋಡಿ. ಹಿಂದಿನ ದಿನ ಮುಂದೆ ನಿಂತಿದ್ದ ಓಕ್ ಹಿಂದೆ ಸರಿದಿರತ್ತೆ, ಒಗರು ಬಾಳೆಕಾಯಿಯಿಂದ ನೇರಳೆ ಕಡೆಗೆ ಬಂದಿರತ್ತೆ, ಕೆಲವು ಸಲ ಮೆಣಸು ಆಗಷ್ಟೇ ಕಾಣಿಸ್ಕೊಳ್ಳತ್ತೆ. ಆಗ ಎರಡು ಸಾಲು ಬರೆದು ಆ ವೈನರಿಯವರಿಗೆ ಕಳಿಸಿ. ಚಿಕ್ಕಪ್ಪ ಸಕಲೇಶಪುರಕ್ಕೆ ವಾಪಸ್ ಹೋಗಿ ತೋಟದ ಮೆಣಸು ಕಾಲು ಕೆಜಿ ಕಳಿಸಿದ್ರು, ಅದನ್ನ ಆ ಮನೆ ಮಗಳಿಗೆ ಕೊಟ್ಟು ಬಂದೆ. ಅವರು ಒಂದು ಕಾಳು ಬೆರಳಲ್ಲಿ ಪುಡಿ ಮಾಡಿ ಮೂಸಿ, ಒಳಗೆ ಹೋಗಿ ಸಿರಾ ಬ್ಯಾರಲ್‌ನಿಂದ ಒಂದು ಗ್ಲಾಸ್ ತುಂಬ್ಕೊಂಡು ಬಂದ್ರು.